ಅದೂ ಒಂದು ಉದ್ಯೋಗವೇ?

ಕಳೆದ ದೀಪಾವಳಿಗೆ ತವರಿಗೆ ಹೋದಾಗ ಮನೆಯಲ್ಲಿ ಹಬ್ಬದ ಕಳೆ ಇರಲಿಲ್ಲ. ನಮ್ಮ ತವರು ಅಮ್ಮಿನಬಾವಿ. ಧಾರವಾಡದಿಂದ ಸವದತ್ತಿಯ ಹಾದಿ ಹಿಡಿದರೆ ಅರ್ಧ ತಾಸಿನ ಬಸ್ಸಿನ ದಾರಿ. ನಾನು ಚೀಲ ಇಳಿಸುವ ಮೊದಲೇ ವೈನಿ ಅಡಿಗೆಮನೆಯಿಂದ ಹೊರಗೆ ಬಂದು, "ನೀವರ ಬುದ್ಧಿ ಹೇಳ್ರಿ ಅಕಿಗೆ. ನಿಮ್ಮ ಮಾತು ಕೇಳತಾಳ" ಎಂದರು. ಅಣ್ಣ ಕಟ್ಟೆಯ ಮೇಲೆ ಪೇಪರು ಹಿಡಿದು ಕೂತಿದ್ದ, ಓದುತ್ತಿರಲಿಲ್ಲ. ಅವ್ವ ಮೂಲೆಯಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದಳು.

ಸಂಗತಿ ಇಷ್ಟೇ. ಅಣ್ಣನ ಮಗಳು ಬಿ.ಎ. ಮುಗಿಸಿದ್ದಾಳೆ. ಬಿ.ಎಡ್. ಅರ್ಜಿ ತಂದಿಟ್ಟು ಹದಿನೈದು ದಿನವಾದರೂ ಅವಳು ಅದನ್ನು ತುಂಬಿಲ್ಲ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಪ್ರವೇಶ ಪರೀಕ್ಷೆಗೆ ಕೂಡುತ್ತೇನೆ, ಸಾಕ್ಷ್ಯಚಿತ್ರ ಮಾಡುವುದನ್ನು ಕಲಿಯುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಮನೆಯಲ್ಲಿ ಅವಳ ಮಾತಿಗೆ ಸಿಕ್ಕ ಉತ್ತರಗಳನ್ನು ಹಾಗೆಯೇ ಬರೆಯುತ್ತೇನೆ, ಏಕೆಂದರೆ ಇವೇ ಉತ್ತರಗಳು ನಿಮ್ಮ ಮನೆಗಳಲ್ಲಿಯೂ ಕೇಳಿಬರುತ್ತವೆ ಎಂಬುದು ನನಗೆ ಗೊತ್ತು.

ವೈನಿ ಹೇಳಿದ್ದು: "ಲಗ್ನದ ವಿಡಿಯೋ ತಗಿಯಾವರಗತೆ ಕ್ಯಾಮೆರಾ ಹೆಗಲಮ್ಯಾಲ ಹೊತಗೊಂಡು ತಿರಗತಾಳೇನು?" ಅಣ್ಣ ಹೇಳಿದ್ದು: "ಪಗಾರ ಯಾರು ಕೊಡತಾರ ಅದಕ್ಕ? ಅದೂ ಒಂದು ನೌಕರಿ ಏನು?" ಪಕ್ಕದ ಮನೆಯ ಹಿರಿಯರು ಹೇಳಿದ್ದು: "ಸಿನೆಮಾ ಮಂದಿ ಸಹವಾಸ ಬ್ಯಾಡವಾ. ಅಕ್ಕೋರಾದರ ಊರಮಂದಿ ಕೈಮುಗಿತಾರ."

ಈ ಕೊನೆಯ ಮಾತು ನನ್ನನ್ನು ನೋಡಿ ಆಡಿದ್ದು. ನಾನು ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ ಸಾಲಿಯ ಅಕ್ಕೋರಾಗಿದ್ದವಳು. ಈಗ ನಿವೃತ್ತಿಯಾಗಿ ಧಾರವಾಡದಲ್ಲಿದ್ದೇನೆ. ಊರಿಗೆ ಹೋದರೆ ಇಂದಿಗೂ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಒಬ್ಬರು ಚೀಲ ಇಸಿದುಕೊಳ್ಳುತ್ತಾರೆ. ಆ ಗೌರವವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅದನ್ನೇ ಕೋಲು ಮಾಡಿ ಆ ಹುಡುಗಿಗೆ ಹೊಡೆಯುತ್ತಿದ್ದಾರಲ್ಲ ಎಂದು ಅಂದು ನನಗೆ ಸಂಕಟವಾಯಿತು.

ನಿಜ ಹೇಳಬೇಕೆಂದರೆ ಮೊದಲ ಕ್ಷಣ ನಾನೂ ವೈನಿಯ ಪಕ್ಷವೇ ಆಗಿದ್ದೆ. "ಬಿ.ಎಡ್. ಮುಗಿಸು, ಆಮ್ಯಾಲೆ ನೋಡೋಣು" ಎಂಬ ಮಾತು ನನ್ನ ಬಾಯಿಂದಲೂ ಬಂತು. ಹುಡುಗಿ ನನ್ನ ಮುಖ ನೋಡಿ, "ಅತ್ತೀ, ನಿನಗೂ ಹಿಂಗ ಅಂದಿದ್ದರಲ್ಲ?" ಎಂದಳು. ಅಷ್ಟೇ. ನಾನು ಸುಮ್ಮನಾದೆ.

ನಾನು ಪದವಿ ಮುಗಿಸಿದ ವರ್ಷ ಧಾರವಾಡ ಆಕಾಶವಾಣಿಗೆ ಧ್ವನಿ ಪರೀಕ್ಷೆಗೆ ಅರ್ಜಿ ಹಾಕಿದ್ದೆ. ಧಾರವಾಡ ನಿಲಯ 1950ರ ಜನವರಿಯಲ್ಲಿ ಶುರುವಾದದ್ದು. ಅದರ ಹೆಣ್ಣುಮಕ್ಕಳ ಕಾರ್ಯಕ್ರಮಗಳನ್ನು ಕೇಳುತ್ತಲೇ ನಾವು ಬೆಳೆದವರು. ಕರೆ ಬಂತು. ರಾತ್ರಿ ಪಾಳಿ ಇರುತ್ತದಂತೆ ಎಂದು ಯಾರೋ ಅಪ್ಪನ ಕಿವಿಯಲ್ಲಿ ಹಾಕಿದರು. ಅಪ್ಪ ಸಿಟ್ಟಾಗಲಿಲ್ಲ, ಕಾಗದವನ್ನು ಮಡಿಸಿ ಪಂಚಾಂಗದ ನಡುವೆ ಇಟ್ಟರು. ಅದು ಅಲ್ಲಿಯೇ ಉಳಿಯಿತು. ಮುಂದೆ ನಾನು ಬಿ.ಎಡ್. ಮಾಡಿದೆ. ಮಕ್ಕಳಿಗೆ ಕಲಿಸಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಆದರೆ ಆ ಕಾಗದವನ್ನು ನಾನು ಮರೆತಿಲ್ಲ, ಹುಡುಗಿಗೆ ಅದನ್ನು ಹೇಳಿದವಳೂ ನಾನೇ.

ಹೀಗಾಗಿ ಈ ಲೇಖನ ನನ್ನ ವಾದ. ನಮ್ಮ ಮನೆಯ ಕಟ್ಟೆಯ ಮೇಲೆ ನಾನು ಪೂರ್ತಿ ಹೇಳಲಾರದೆ ಹೋದದ್ದನ್ನು ಇಲ್ಲಿ ಹೇಳುತ್ತೇನೆ.

ಅಕ್ಕೋರ ನೌಕರಿ ಒಳ್ಳೆಯದು, ಚಿತ್ರ ತೆಗೆಯುವ ಕೆಲಸ ಕೆಟ್ಟದ್ದು ಎಂದು ಎರಡು ಗೂಟ ಹೊಡೆದು ನಾವು ಹೆಣ್ಣುಮಕ್ಕಳನ್ನು ಒಂದಕ್ಕೇ ಕಟ್ಟುತ್ತೇವೆ. ಇವೆರಡೂ ಒಂದೇ ಕೆಲಸ ಎಂಬುದು ನನ್ನ ವಾದ. ಒಬ್ಬ ಹೆಣ್ಣುಮಗಳು ಇದನ್ನು ಬದುಕಿ ತೋರಿಸಿಯೂ ಆಗಿದೆ. ಅವರ ಹೆಸರು ವಿಜಯಾ ಮುಳೆ. 1921ರಲ್ಲಿ ಮುಂಬಯಿಯಲ್ಲಿ ಹುಟ್ಟಿದರು, ಮದುವೆಯಾಗಿ ಪಾಟ್ನಾಕ್ಕೆ ಹೋದರು. ಮದುವೆಯಾದ ಮೇಲೆ ಅಲ್ಲಿಯೇ ಪದವಿ ಪಡೆದರು. 1946ರಲ್ಲಿ ವಿದ್ಯಾರ್ಥಿವೇತನ ಸಿಕ್ಕಿತು, ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯಕ್ಕೆ ಶಿಕ್ಷಣಶಾಸ್ತ್ರ ಓದಲು ಹೋದರು. ಗಮನಿಸಿರಿ, ಓದಲು ಹೋದದ್ದು ಶಿಕ್ಷಣಶಾಸ್ತ್ರ, ಸಿನೆಮಾ ಅಲ್ಲ. ನಮ್ಮ ಬಿ.ಎಡ್. ಇದ್ದ ಹಾಗೆಯೇ. ಅಲ್ಲಿ ಫಿಲ್ಮ್ ಸೊಸೈಟಿಯಲ್ಲಿ ಒಳ್ಳೆಯ ಚಿತ್ರಗಳನ್ನು ನೋಡುವ ಅಭ್ಯಾಸವಾಯಿತು. ತಿರುಗಿ ಬಂದು ಪಾಟ್ನಾದಲ್ಲಿ, ಆಮೇಲೆ ದಿಲ್ಲಿಯಲ್ಲಿ ಫಿಲ್ಮ್ ಸೊಸೈಟಿ ಕಟ್ಟುವುದರಲ್ಲಿ ಕೈಹಾಕಿದರು. 1959ರಲ್ಲಿ ದೇಶದ ಫಿಲ್ಮ್ ಸೊಸೈಟಿಗಳೆಲ್ಲ ಒಕ್ಕೂಟವಾದಾಗ ಸತ್ಯಜಿತ್ ರಾಯ್ ಅಧ್ಯಕ್ಷರು, ವಿಜಯಾ ಮುಳೆ ಜಂಟಿ ಕಾರ್ಯದರ್ಶಿಗಳು. ಹೊಟ್ಟೆಪಾಡಿಗೆ ಕೇಂದ್ರ ಸರಕಾರದ ಶಿಕ್ಷಣ ಇಲಾಖೆಯ ನೌಕರಿ. ನಡುವೆ ಸೆನ್ಸಾರ್ ಮಂಡಳಿಯಲ್ಲಿಯೂ ಅಧಿಕಾರಿ. 1967ರಲ್ಲಿ ತಮ್ಮದೇ ಸಾಕ್ಷ್ಯಚಿತ್ರ 'ದಿ ಟೈಡಲ್ ಬೋರ್' ಮಾಡಿದರು. ಆಗ ಅವರ ವಯಸ್ಸು ನಲವತ್ತಾರು. ನಮ್ಮಲ್ಲಿ ಆ ವಯಸ್ಸಿಗೆ ಹೆಣ್ಣುಮಕ್ಕಳಿಗೆ, "ಇನ್ನೇನು, ಸೊಸಿ ಬಂದಮ್ಯಾಲೆ ಆರಾಮ ಕೂಡು" ಎನ್ನುತ್ತಾರೆ.

ಅವರನ್ನು ಬಲ್ಲವರು 'ಅಕ್ಕಾ' ಎಂದು ಕರೆಯುತ್ತಿದ್ದರಂತೆ. ಅಂದರೆ ಅವರೂ ಒಬ್ಬ ಅಕ್ಕೋರೇ.

ಇವರು ನಮಗೆ ಏನಾಗಬೇಕು, ಎಲ್ಲಿಯ ಮುಂಬಯಿ ಎಲ್ಲಿಯ ಅಮ್ಮಿನಬಾವಿ ಎಂದು ಕೇಳಬೇಡಿರಿ. ಅವರ ಕೆಲಸ ನಮ್ಮ ಮಗ್ಗಲಿಗೇ ಬಂದಿತ್ತು. ನಾನು ಸಣ್ಣವಳಿದ್ದಾಗ ವಿಜಾಪುರ ಜಿಲ್ಲೆಯ ಒಂದು ಹಳ್ಳಿಯಲ್ಲಿ ನಮ್ಮ ಸೋದರತ್ತೆ ಇದ್ದಳು. ಸೂಟಿಗೆ ಅಲ್ಲಿ ಹೋದಾಗ ಸಾಲಿಯ ಹತ್ತಿರ ಕೋಳಿಗೂಡಿಗೆ ಹಾಕುವಂಥ ಜಾಳಿಗೆಯ ಒಂದು ದೊಡ್ಡ ಪರಾತ ಆಕಾಶಕ್ಕೆ ಮುಖ ಮಾಡಿ ನಿಂತಿತ್ತು. ಸಂಜೆಯಾದರೆ ಊರಿಗೆ ಊರೇ ಅಲ್ಲಿ ನೆರೆಯುತ್ತಿತ್ತು, ಗಂಡಸರು ಮುಂದೆ, ಹೆಂಗಸರು ಸೆರಗು ಹೊದ್ದು ಹಿಂದೆ. ಪೆಟ್ಟಿಗೆಯೊಳಗೆ ಕಪ್ಪುಬಿಳುಪಿನ ಮನುಷ್ಯರು ಕನ್ನಡದಲ್ಲಿ ಮಾತಾಡುತ್ತಿದ್ದರು! ಅತ್ತೆ ಮನೆಗೆ ಬಂದ ಮೇಲೂ ಅದೇ ಮಾತು.

ಅದು 'ಸೈಟ್' ಎಂಬ ಉಪಗ್ರಹ ದೂರದರ್ಶನ ಪ್ರಯೋಗವೆಂದು ನನಗೆ ತಿಳಿದದ್ದು ಎಷ್ಟೋ ವರ್ಷದ ನಂತರ. 1975ರ ಆಗಸ್ಟಿನಿಂದ 1976ರ ಜುಲೈವರೆಗೆ ಒಂದು ವರ್ಷ, ಅಮೆರಿಕದಿಂದ ಎರವಲು ಪಡೆದ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ದಿನಕ್ಕೆ ನಾಲ್ಕು ತಾಸು ಕಾರ್ಯಕ್ರಮ ಬರುತ್ತಿತ್ತು. ಕರ್ನಾಟಕದಲ್ಲಿ ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಮುಂಜಾನೆ ಸಾಲಿಯ ಮಕ್ಕಳಿಗೆ, ಸಂಜೆ ದೊಡ್ಡವರಿಗೆ. ಸೂಟಿಯಲ್ಲಿ ಹಳ್ಳಿಯ ಶಿಕ್ಷಕರಿಗೆ ತರಬೇತಿಯನ್ನೂ ಅದರಿಂದಲೇ ಕೊಟ್ಟರು. ಇದರ ಶೈಕ್ಷಣಿಕ ಭಾಗದ ದೊಡ್ಡ ಹೊರೆ ಹೊತ್ತದ್ದು ದಿಲ್ಲಿಯ ಶೈಕ್ಷಣಿಕ ತಂತ್ರಜ್ಞಾನ ಕೇಂದ್ರ. ಅದರ ಮುಖ್ಯಸ್ಥೆ ಇದೇ ವಿಜಯಾ ಮುಳೆ.

ಆ ಕುರ್ಚಿಯ ಬೆಲೆ ಎಂಥದೆಂದು ಯೋಚಿಸಿರಿ. ನಾನು ಸಾಲಿಯಲ್ಲಿ ಒಮ್ಮೆಗೆ ಐವತ್ತು ಮಕ್ಕಳಿಗೆ ಕಲಿಸಿದೆ. ಎಂದೂ ಬಸ್ಸಿನ ಮುಖ ಕಾಣದ ಮಕ್ಕಳಿಗೆ ಏನು ತೋರಿಸಬೇಕು, ಹೇಗೆ ತೋರಿಸಬೇಕು ಎಂದು ವಿಚಾರಿಸುವ ಕುರ್ಚಿಯಲ್ಲಿ ಅವರು ಕೂತಿದ್ದರು. 1974ರಲ್ಲಿ ಅವರು ಮಾಡಿದ 'ಏಕ್ ಅನೇಕ್ ಔರ್ ಏಕ್ತಾ' ಎಂಬ ಚಿಕ್ಕ ಕಾರ್ಟೂನ್ ಚಿತ್ರವನ್ನು ನಿಮ್ಮಲ್ಲಿ ಬಹಳ ಮಂದಿ ನೋಡಿಯೇ ಇರುತ್ತೀರಿ. ಬೇಟೆಗಾರನ ಬಲೆಯಲ್ಲಿ ಸಿಕ್ಕ ಹಕ್ಕಿಗಳು ಕೂಡಿಯೇ ಹಾರಿ ಬಲೆಯನ್ನೇ ಹೊತ್ತೊಯ್ಯುವ ಕಥೆ ಅದು. ದೂರದರ್ಶನದಲ್ಲಿ ಮತ್ತೆ ಮತ್ತೆ ಬರುತ್ತಿತ್ತು. ಹಿಂದಿ ಬಾರದ ನಮ್ಮ ಮಕ್ಕಳೂ ಅದರ ಹಾಡು ಗುನುಗುತ್ತಿದ್ದರು. ಅದಕ್ಕೆ ಅತ್ಯುತ್ತಮ ಶೈಕ್ಷಣಿಕ ಚಿತ್ರದ ರಾಷ್ಟ್ರಪ್ರಶಸ್ತಿ ಬಂತು. ಅದು ಒಬ್ಬ ಹೆಣ್ಣುಮಗಳು ಮಾಡಿದ ಚಿತ್ರ ಎಂದು ನಿಮ್ಮಲ್ಲಿ ಎಷ್ಟು ಮಂದಿಗೆ ಗೊತ್ತಿತ್ತು? ನನಗೆ ಗೊತ್ತಿರಲಿಲ್ಲ. ಹಾಡು ಬಾಯಿಗೆ ಬಂತು, ಮಾಡಿದಾಕೆಯ ಹೆಸರು ಬರಲಿಲ್ಲ. ಊಟ ರುಚಿಯಾಗಿತ್ತು ಎಂದು ಎದ್ದು ಹೋಗುವ ನಮ್ಮ ಮನೆಯ ಪದ್ಧತಿಯೇ ಇಲ್ಲಿಯೂ.

ಇನ್ನೊಂದು ಮಾತು. ವಿಜಾಪುರದ ನಮ್ಮ ಅತ್ತೆ ಕೇಳಿದ ಆ ಕನ್ನಡದ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನ ಕೇಂದ್ರದಲ್ಲಿ. ಕನ್ನಡದ ಹೆಂಗಸರಿಗೆ ಏನು ಹೇಳಬೇಕೆಂದು ದೂರದ ಊರಿನಲ್ಲಿ ಕೂತು ತೀರ್ಮಾನವಾಗುತ್ತಿತ್ತು. ಅದು ಯಾರ ತಪ್ಪೂ ಅಲ್ಲ, ಆಗ ಇದ್ದ ಅನುಕೂಲವೇ ಅಷ್ಟು. ಆದರೆ ಇಂದು ಏನು ಬದಲಾಗಿದೆ? ಸಂಜೆ ಏಳರಿಂದ ಹತ್ತರವರೆಗೆ ನಮ್ಮ ಮನೆಗಳಲ್ಲಿ ಅಳುವ, ಹಲ್ಲು ಕಡಿಯುವ, ಜರಿಸೀರೆಯುಟ್ಟು ಮಲಗುವ ಹೆಂಗಸರು ಯಾರ ಕಲ್ಪನೆ? ಅಮ್ಮಿನಬಾವಿಯಲ್ಲಿ ಅಂಥ ಒಬ್ಬ ಹೆಂಗಸನ್ನು ನಾನು ಕಂಡಿಲ್ಲ. ಇಲ್ಲಿ ನಸುಕಿನಲ್ಲಿ ಎದ್ದು ರೊಟ್ಟಿ ಬಡಿದು, ಬುತ್ತಿ ಕಟ್ಟಿಕೊಂಡು ಕಸ ತೆಗೆಯಲು ಹೊಲಕ್ಕೆ ಹೋಗುವವರಿದ್ದಾರೆ. ಅವರು ಪೆಟ್ಟಿಗೆಯೊಳಗೆ ಬರುವುದಿಲ್ಲ. ಬಂದರೂ ಬರ ಬಿದ್ದಾಗ, ನೆರೆ ಬಂದಾಗ ಅಳುವವರಾಗಿ ಬರುತ್ತಾರೆ.

ಹಾಗೆ ಒಮ್ಮೆ ನಮ್ಮ ಅವ್ವನೂ 'ಬಂದಿದ್ದಳು'. ಬಹಳ ವರ್ಷಗಳ ಹಿಂದಿನ ಮಾತು. ಯಾರೋ ನಾಲ್ಕು ಜನ ಜೀಪಿನಲ್ಲಿ ಕ್ಯಾಮೆರಾ ತಂದಿದ್ದರು. ನೀರಿನ ತ್ರಾಸಿನ ಮೇಲೆ ಚಿತ್ರ ತೆಗೆಯುತ್ತೇವೆಂದರು. ಅವ್ವ ತುಂಬಿದ ಕೊಡ ಹೊತ್ತು ಬರುತ್ತಿದ್ದಳು. ಬಿಸಿಲು ಸರಿಯಾಗಿ ಬೀಳಲಿಲ್ಲ, ಇನ್ನೊಮ್ಮೆ ಹೋಗಿ ಬರ್ರಿ ಎಂದರು. ಅವ್ವ ಹೋಗಿ ಬಂದಳು. ಈ ಸಲ ಯಾರೋ ಹುಡುಗ ಅಡ್ಡ ಬಂದ. ಮತ್ತೆ ಹೋಗಿ ಬಂದಳು. ಮೂರನೆಯ ಸಲಕ್ಕೆ, "ಮುಖದಾಗ ಸ್ವಲ್ಪ ಸಂಕಟ ಇರಲಿ" ಎಂದರು. ಅವ್ವ ಕೊಡ ಇಳಿಸಿ, "ಮೂರು ಸಲ ಹೊತ್ತೀನಿ, ಇನ್ನ ಸಂಕಟ ಎಲ್ಲಿಂದ ತರಲೆಪ್ಪಾ?" ಎಂದಳು. ಅವರು ನಕ್ಕರು, ಹೋದರು. ಆ ಚಿತ್ರ ಏನಾಯಿತೋ ನಮ್ಮ ಊರಿನವರಾರೂ ನೋಡಲಿಲ್ಲ. ತೋರಿಸುತ್ತೇವೆ ಎಂದು ಅವರೂ ಅನ್ನಲಿಲ್ಲ, ತೋರಿಸಿರಿ ಎಂದು ಕೇಳಬಹುದೆಂದು ನಮಗೂ ಗೊತ್ತಿರಲಿಲ್ಲ.

"ಈಗ ಎಲ್ಲರ ಕೈಯಾಗೂ ಮೊಬೈಲ್ ಅದ. ಅದರಾಗ ಕಲಿಯೋದು ಏನೈತಿ?" ಎಂದು ಅಣ್ಣ ಕೇಳಿದ. ಕಲಿಯುವುದು ಇದನ್ನೇ. ಒಬ್ಬ ಹೆಂಗಸನ್ನು ಮೂರು ಸಲ ನೀರು ಹೊರಿಸದೆ ಅವಳ ಕಷ್ಟವನ್ನು ಹೇಗೆ ತೋರಿಸಬೇಕು ಎಂಬುದನ್ನು. ಕ್ಯಾಮೆರಾ ತೆಗೆಯುವ ಮೊದಲು ಎಷ್ಟು ದಿನ ಕೂತು ಕೇಳಬೇಕು ಎಂಬುದನ್ನು. ಯಾರನ್ನು ಕೇಳಿ ತೆಗೆಯಬೇಕು, ತೆಗೆದ ಮೇಲೆ ಯಾರಿಗೆ ಮೊದಲು ತೋರಿಸಬೇಕು ಎಂಬುದನ್ನು. ಸುಣ್ಣದ ಕಡ್ಡಿ ಎಲ್ಲರ ಕೈಯಲ್ಲೂ ಇರುತ್ತದೆ, ಅದರಿಂದ ಎಲ್ಲರೂ ಅಕ್ಕೋರಾಗುವುದಿಲ್ಲ.

ಹೀಗೆ ಕಲಿತು ಮಾಡಿದವರು ನಮ್ಮ ರಾಜ್ಯದಲ್ಲಿಯೇ ಇದ್ದಾರೆ. 1980ರಲ್ಲಿ ದೀಪಾ ಧನರಾಜ್ ಮತ್ತು ಅವರ ಗೆಳತಿಯರು ಕೂಡಿ 'ಯುಗಾಂತರ' ಎಂಬ ಚಿತ್ರತಂಡ ಕಟ್ಟಿದರು. ಅಭಾ ಭಯ್ಯಾ, ಮೀರಾ ರಾವ್ ಅದರಲ್ಲಿದ್ದರು. ಕ್ಯಾಮೆರಾ ನವರೋಜ್ ಕಾಂಟ್ರಾಕ್ಟರ್ ಅವರದು. ಪುಣೆಯ ಮನೆಗೆಲಸದ ಹೆಂಗಸರು ಸಂಘ ಕಟ್ಟಿದ್ದನ್ನು ಕುರಿತು 'ಮೋಲಕರೀಣ' ಎಂಬ ಚಿತ್ರ ಮಾಡಿದರು. ಆಮೇಲೆ ಬಂದದ್ದು ನಮ್ಮ ಬೆಳಗಾವಿ ಜಿಲ್ಲೆಯ ನಿಪ್ಪಾಣಿಗೆ. ತಂಬಾಕಿನ ಕಾರಖಾನೆಗಳಲ್ಲಿ ಘಾಟಿನ ಧೂಳು ಕುಡಿಯುತ್ತ ದುಡಿಯುತ್ತಿದ್ದ ಹೆಣ್ಣುಮಕ್ಕಳ ಜೊತೆ ತಿಂಗಳುಗಟ್ಟಲೆ ಇದ್ದು, ಅವರು ಹೇಳಿದ್ದನ್ನು ಕೇಳಿ, 1982ರಲ್ಲಿ ಅವರ ಸಂಘಟನೆಯ ಚಿತ್ರವನ್ನು ಮರಾಠಿಯಲ್ಲಿ ಮಾಡಿದರು. ನಿಪ್ಪಾಣಿ ಇಲ್ಲಿಂದ ಮೂರು ತಾಸಿನ ಹಾದಿ. ನಾವು ಪುಣೆಗೆ, ಕೊಲ್ಹಾಪುರಕ್ಕೆ ಹೋಗುವಾಗ ದಾಟಿಯೇ ಹೋಗುವ ಊರು. ಆ ಚಿತ್ರಗಳನ್ನು ಹೊಸದಾಗಿ ಸುಧಾರಿಸಿ ಉಳಿಸಿದ್ದು ಜರ್ಮನಿಯ ಬರ್ಲಿನ್ನಿನ ಒಂದು ಸಂಸ್ಥೆ. ಬರ್ಲಿನ್ನಿನವರಿಗೆ ನಿಪ್ಪಾಣಿಯ ಹೆಣ್ಣುಮಕ್ಕಳು ಬೇಕಾದರು. ನಾನು ಆ ಚಿತ್ರದ ಹೆಸರು ಕೇಳಿದ್ದು ನಿವೃತ್ತಿಯಾದ ಮೇಲೆ, ಅದೂ ನಮ್ಮ ಹುಡುಗಿಯ ಬಾಯಿಂದ. ಅವಳೇ ತನ್ನ ಮೊಬೈಲಿನಲ್ಲಿ ಅದರ ಸಂಗತಿ ಓದಿ ಹೇಳಿದಳು.

ದೀಪಾ ಧನರಾಜ್ ಅಲ್ಲಿಗೇ ನಿಲ್ಲಲಿಲ್ಲ. ಹೈದರಾಬಾದಿನ ಕೋಮುಗಲಭೆಯ ಮೇಲೆ 1986ರಲ್ಲಿ ಚಿತ್ರ ಮಾಡಿದರು. 1991ರಲ್ಲಿ 'ಸಮ್‌ಥಿಂಗ್ ಲೈಕ್ ಎ ವಾರ್' ಎಂಬ ಚಿತ್ರದಲ್ಲಿ ಕುಟುಂಬ ಯೋಜನೆಯ ಹೆಸರಿನಲ್ಲಿ ಶಿಬಿರಗಳಲ್ಲಿ ಹೆಂಗಸರನ್ನು ಸಾಲಾಗಿ ಮಲಗಿಸಿ ಮಾಡುವ ಆಪರೇಷನ್ನಿನ ರೀತಿಯನ್ನು ತೋರಿಸಿದರು. ತಮ್ಮ ಮೈಯ ಬಗ್ಗೆ ಹೆಂಗಸರೇ ಕೂತು ಮಾತಾಡುವುದನ್ನೂ ತೋರಿಸಿದರು. ಅಂಥ ಶಿಬಿರಕ್ಕೆ ಹೋಗಿ ಬಂದವರು ನಮ್ಮ ನಿಮ್ಮ ಮನೆಗಳಲ್ಲಿ ಎಷ್ಟಿಲ್ಲ? ನಾವು ಅದನ್ನು ಒಬ್ಬರಿಗೊಬ್ಬರು ಕಿವಿಯಲ್ಲಿ ಹೇಳಿಕೊಂಡೆವು. ಅವರು ಅದನ್ನು ದೇಶದ ಮುಂದೆ ಇಟ್ಟರು. 2011ರ 'ಇನ್ವೋಕಿಂಗ್ ಜಸ್ಟಿಸ್' ಚಿತ್ರ ತಮಿಳುನಾಡಿನ ಮುಸ್ಲಿಂ ಹೆಣ್ಣುಮಕ್ಕಳು ತಮ್ಮದೇ ಜಮಾತ್ ಕಟ್ಟಿ ನ್ಯಾಯ ಬಗೆಹರಿಸುವುದನ್ನು ಕುರಿತದ್ದು. ನಲವತ್ತು ವರ್ಷ ಒಂದೇ ಹಾದಿಯಲ್ಲಿ ನಡೆದದ್ದು ಉದ್ಯೋಗವಲ್ಲದಿದ್ದರೆ ಉದ್ಯೋಗ ಎಂದರೆ ಮತ್ತೇನು?

ಪಗಾರದ ಪ್ರಶ್ನೆಗೆ ಬರುತ್ತೇನೆ, ಏಕೆಂದರೆ ಅಣ್ಣನ ಆ ಒಂದು ಪ್ರಶ್ನೆ ಸುಳ್ಳಲ್ಲ. ಸಾಕ್ಷ್ಯಚಿತ್ರದಿಂದ ಮನೆ ಕಟ್ಟಿಸಿದವರು ಕಡಿಮೆ. ಹಣ ಕೂಡಿಸಲು ವರ್ಷಗಟ್ಟಲೆ ಅಲೆಯಬೇಕಾಗುತ್ತದೆ. ಇದನ್ನು ಮುಚ್ಚಿಟ್ಟು ನಾನು ಯಾವ ಹುಡುಗಿಗೂ ಆಸೆ ಹಚ್ಚಲಾರೆ. ಆದರೆ ವಿಜಯಾ ಮುಳೆಯವರ ಬದುಕನ್ನು ನೋಡಿರಿ. ಅವರು ಮೂರು ಕಾಲಿನ ಮಣೆಯ ಮೇಲೆ ಕೂತಿದ್ದರು: ಚಿತ್ರ ಮಾಡುವುದು ಒಂದು, ಕಲಿಸುವುದು ಒಂದು, ಯಾವ ಚಿತ್ರ ಆಗಬೇಕು, ಯಾರಿಗೆ ಮುಟ್ಟಬೇಕು ಎಂದು ತೀರ್ಮಾನಿಸುವ ಅಧಿಕಾರ ಇನ್ನೊಂದು. ಯಾವ ಒಂದು ಕಾಲು ಸಣ್ಣದಾದರೂ ಉಳಿದೆರಡು ತಡೆಯುತ್ತಿದ್ದವು. 1984ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ ದೂರದರ್ಶನದಲ್ಲಿ ಕಾಲೇಜು ಮಕ್ಕಳಿಗಾಗಿ 'ಕಂಟ್ರಿವೈಡ್ ಕ್ಲಾಸ್‌ರೂಮ್' ಶುರುಮಾಡಿದಾಗ ಅದರಲ್ಲಿಯೂ ಅವರ ಪಾಲಿತ್ತು. 2002ರಲ್ಲಿ ಸಾಕ್ಷ್ಯಚಿತ್ರದ ಜೀವಮಾನ ಸಾಧನೆಗಾಗಿ ವಿ. ಶಾಂತಾರಾಮ್ ಪ್ರಶಸ್ತಿ ಬಂತು. ಪರದೇಶದ ಸಿನೆಮಾಗಳು ಭಾರತವನ್ನು ಹೇಗೆ ತೋರಿಸಿದವು ಎಂಬ ಬಗ್ಗೆ ಬರೆದ ಅವರ ದೊಡ್ಡ ಪುಸ್ತಕ 2010ರಲ್ಲಿ ಹೊರಬಂದಾಗ ಅವರಿಗೆ ಎಂಬತ್ತೊಂಬತ್ತು ವರ್ಷ. 2019ರ ಮೇ ತಿಂಗಳಲ್ಲಿ ತೀರಿಕೊಂಡರು.

ಹೌದು, ಅವರಿಗೆ ವಿದ್ಯಾರ್ಥಿವೇತನ ಸಿಕ್ಕಿತ್ತು, ಸರಕಾರದ ನೌಕರಿ ಇತ್ತು, ಕಾಲವೂ ಬೇರೆಯಾಗಿತ್ತು. ಅಮ್ಮಿನಬಾವಿಯ ಹುಡುಗಿಗೆ ಇವಾವುವೂ ಇಲ್ಲ. ಹಾಗಾದರೆ ನಾವು ಮಾಡಬೇಕಾದದ್ದು ಹುಡುಗಿಯನ್ನು ಮನೆಯಲ್ಲಿ ಕೂಡಿಸುವುದಲ್ಲ, ಆ ಅನುಕೂಲಗಳನ್ನು ಕೇಳುವುದು. ಟಿ.ವಿ. ಕಚೇರಿಗಳಲ್ಲಿ ಸುದ್ದಿ ಓದುವ ಕುರ್ಚಿ ಹೆಣ್ಣುಮಕ್ಕಳಿಗೆ ಸಿಕ್ಕಿತು. ಯಾವುದು ಸುದ್ದಿ ಎಂದು ತೀರ್ಮಾನಿಸುವ ಕುರ್ಚಿಯೂ ಸಿಗಬೇಕು. ಮೊದಲನೆಯದಕ್ಕೆ ಮುಖ ಬೇಕಂತೆ, ಎರಡನೆಯದಕ್ಕೆ ತಲೆ ಬೇಕು. ನಮ್ಮ ಮುಖ ಎಲ್ಲರಿಗೂ ಬೇಕಾಗಿದೆ.

ಗಂಡಸರಿಗೆ ಈ ಪ್ರಶ್ನೆಯನ್ನು ನಾವು ಕೇಳುವುದೇ ಇಲ್ಲ. ನಮ್ಮ ಧಾರವಾಡದಲ್ಲಿ ಬೆಳೆದ ಗಿರೀಶ ಕಾರ್ನಾಡರನ್ನು ತೆಗೆದುಕೊಳ್ಳಿರಿ. ಪ್ರಕಾಶನ ಸಂಸ್ಥೆಯ ಒಳ್ಳೆಯ ನೌಕರಿ ಬಿಟ್ಟರು. ನಾಟಕ ಬರೆದರು, ಸಿನೆಮಾದಲ್ಲಿ ನಟಿಸಿದರು, ಬೇಂದ್ರೆಯವರನ್ನು ಕುರಿತು ಸಾಕ್ಷ್ಯಚಿತ್ರ ಮಾಡಿದರು, 1974-75ರಲ್ಲಿ ಇದೇ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದರು, ಮುಂದೆ ಶಿಕಾಗೋ ವಿಶ್ವವಿದ್ಯಾಲಯಕ್ಕೆ ಸಂದರ್ಶಕ ಪ್ರಾಧ್ಯಾಪಕರಾಗಿ ಹೋದರು. ಇದನ್ನೆಲ್ಲ ನಾವು ಬಹುಮುಖ ಪ್ರತಿಭೆ ಎಂದು ಹೆಮ್ಮೆಯಿಂದ ಹೇಳುತ್ತೇವೆ. ಹೇಳಲೇಬೇಕು. ಇದನ್ನೇ ಒಬ್ಬ ಹುಡುಗಿ ಮಾಡಲು ಹೊರಟರೆ, "ಒಂದರಾಗ ನಿಂದರಂಗಿಲ್ಲ ಅಕಿ" ಎನ್ನುತ್ತೇವೆ.

ರಾತ್ರಿ ಹೊತ್ತು ಹೊರಗೆ ಇರಬೇಕಾಗುತ್ತದೆ ಎಂಬ ಮಾತನ್ನೂ ವೈನಿ ಎತ್ತಿದರು. ವೈನಿಯ ತಂಗಿಯ ಮಗಳು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ನರ್ಸು. ತಿಂಗಳಿಗೆ ಹತ್ತು ರಾತ್ರಿ ಪಾಳಿ ಮಾಡುತ್ತಾಳೆ. ಅದಕ್ಕೆ ಯಾರೂ ಏನೂ ಅನ್ನುವುದಿಲ್ಲ, ಏಕೆಂದರೆ ಆ ಪಗಾರ ತಿಂಗಳ ಮೊದಲನೆಯ ವಾರಕ್ಕೆ ಮನೆಗೆ ಬರುತ್ತದೆ. ಹಾಗಾದರೆ ನಮ್ಮ ಹೆದರಿಕೆ ರಾತ್ರಿಯದಲ್ಲ ಎಂದಾಯಿತು. ಹುಡುಗಿ ತನ್ನ ಇಷ್ಟದ ಕೆಲಸಕ್ಕೆ ಹೋಗುತ್ತಾಳಲ್ಲ, ಹೆದರಿಕೆ ಅದರದು.

ಇನ್ನು ನಮ್ಮ ತಪ್ಪಿಗೂ ಬರುತ್ತೇನೆ, ಗಂಡಸರನ್ನು ಅಂದು ಕೈತೊಳೆದುಕೊಂಡರೆ ಸಾಲದು. ಕ್ಯಾಮೆರಾ ನಮ್ಮ ಮನೆಗೆ ಬರುವುದು ಯಾವಾಗ? ಲಗ್ನದಲ್ಲಿ, ಸೀಮಂತದಲ್ಲಿ, ವಾಸ್ತುಶಾಂತಿಯಲ್ಲಿ. ಅಣ್ಣನ ಹಿರಿಯ ಮಗಳ ಲಗ್ನದ ವಿಡಿಯೋ ಮೂರು ತಾಸಿನದು. ಮೊನ್ನೆ ಕೂತು ನೋಡಿದೆ. ಸೀರೆಗಳಿವೆ, ದಾಗೀನುಗಳಿವೆ, ಊಟದ ಪಂಕ್ತಿ ಇದೆ. ಎರಡು ದಿನ ಹೊಗೆಯಲ್ಲಿ ಕೂತು ಹೋಳಿಗೆ ಮಾಡಿದ ಹೆಂಗಸರ ಒಂದು ಚಿತ್ರವೂ ಇಲ್ಲ. ಅವ್ವ ಒಂದೇ ಕಡೆ ಕಾಣಿಸುತ್ತಾಳೆ, ಅದೂ ಯಾರೋ ಅವಳನ್ನು "ಸ್ವಲ್ಪ ಸರೀರಿ" ಎಂದು ಬದಿಗೆ ಸರಿಸುವಾಗ. ಆ ವಿಡಿಯೋ ಹೇಗಿರಬೇಕೆಂದು ಹೇಳಿದವರು ನಾವೇ, ಹಣ ಕೊಟ್ಟವರೂ ನಾವೇ. ನಮ್ಮ ದುಡಿಮೆ ನೋಡುವಂಥದಲ್ಲ ಎಂದು ಮೊದಲು ನಂಬಿದವರು ನಾವು. ಹೀಗಿರುವಾಗ ಅದನ್ನು ನೋಡುತ್ತೇನೆ, ತೋರಿಸುತ್ತೇನೆ ಎಂದು ಹೊರಟ ಹುಡುಗಿ ನಮಗೆ ಹುಚ್ಚಿಯ ಹಾಗೆ ಕಾಣುವುದರಲ್ಲಿ ಆಶ್ಚರ್ಯವೇನು?

ಅವಳು ಏನು ಮಾಡಬೇಕೆಂದಿದ್ದಾಳೆ ಎಂದು ಅಂದಿನವರೆಗೆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ನಾನು ಕೇಳಿದೆ. "ನೀರಿಂದು ಮಾಡಾಕಿ ಅದೀನಿ ಅತ್ತಿ" ಎಂದಳು. ಸವದತ್ತಿಯ ಕಡೆಯ ಮಲಪ್ರಭಾ ಜಲಾಶಯದಿಂದ ಬರುವ ನೀರು ನಮ್ಮ ಅಮ್ಮಿನಬಾವಿಯಲ್ಲಿ ಶುದ್ಧವಾಗಿ ಅವಳಿ ನಗರಕ್ಕೆ ಹೋಗುತ್ತದೆ. ಧಾರವಾಡದ ಓಣಿಗಳಲ್ಲಿ ನಳ ಬರುವ ದಿನಕ್ಕಾಗಿ ಹೆಂಗಸರು ಹೇಗೆ ಕಾಯುತ್ತಿದ್ದೆವೆಂದು ನಮಗೆಲ್ಲ ಗೊತ್ತು. ನೀರು ಬರುವ ದಿನ ನೋಡಿ ನೆಂಟರನ್ನು ಕರೆದವರು ನಾವು, ನಡುರಾತ್ರಿ ಎದ್ದು ಕೊಡ ತುಂಬಿದವರು ನಾವು. "ಕೊಳವಿಯ ಈ ತುದಿಗೆ ಆಯಿ ಅದಾಳ, ಆ ತುದಿಗೆ ನೀ ಅದೀ. ನಡುವ ಏನೇನಾತು ಅನ್ನೋದು ಇಬ್ಬರಿಗೂ ಗೊತ್ತಿಲ್ಲ. ಅದನ್ನ ತೋರಸಬೇಕು" ಎಂದಳು. ಮೂವತ್ತು ವರ್ಷ ಸಮಾಜಶಾಸ್ತ್ರ ಕಲಿಸಿದ ನನಗೆ ಇಷ್ಟು ಸರಳವಾಗಿ ಒಂದು ಪಾಠ ಹೇಳಲು ಬಂದಿರಲಿಲ್ಲ. ಇದು ಅಕ್ಕೋರ ಕೆಲಸ ಅಲ್ಲ ಎಂದು ಯಾರು ಅನ್ನುತ್ತಾರೆ?

ಆದ್ದರಿಂದ ನನ್ನ ಬೇಡಿಕೆಗಳು ಮೂರು. ಒಂದು, ನಮ್ಮ ಮಹಿಳಾ ಮಂಡಲಗಳು ಅರಿಸಿನ ಕುಂಕುಮ, ರಂಗೋಲಿ ಸ್ಪರ್ಧೆಗಳ ಜೊತೆಗೆ ತಿಂಗಳಿಗೊಮ್ಮೆ ಒಂದು ಸಾಕ್ಷ್ಯಚಿತ್ರ ನೋಡಲಿ. ನೋಡಿ, ಕೂತು ಜಗಳವಾಡಲಿ. ಪಾಟ್ನಾದಲ್ಲಿ ಆದದ್ದು ಧಾರವಾಡದಲ್ಲಿ, ಗದಗಿನಲ್ಲಿ, ಹಾವೇರಿಯಲ್ಲಿ ಏಕೆ ಆಗಬಾರದು? ಒಂದು ಗೋಡೆ, ಒಂದು ಬಿಳಿ ಚಾದರ, ಒಂದು ಯಂತ್ರ ಸಾಕು. ಎರಡು, ನಮ್ಮ ಊರಿಗೆ ಕ್ಯಾಮೆರಾ ತಂದವರನ್ನು ಕೇಳೋಣ: ಇದನ್ನು ನಮಗೆ ಯಾವಾಗ ತೋರಿಸುತ್ತೀರಿ? ತೋರಿಸದವರಿಗೆ ಕೊಡ ಹೊರುವುದು ಬೇಡ. ಮೂರು, ಮನೆಯಲ್ಲಿ ಒಬ್ಬ ಹುಡುಗಿ ಇಂಥ ಅರ್ಜಿ ಹಿಡಿದು ಬಂದರೆ, ಬೇಡ ಎನ್ನುವ ಮೊದಲು, ಏನು ಮಾಡಬೇಕೆಂದಿದ್ದೀ ಎಂದು ಕೇಳೋಣ. ಕೇಳುವುದಕ್ಕೆ ಪಗಾರ ಖರ್ಚಾಗುವುದಿಲ್ಲ.

ನಮ್ಮ ಮನೆಯ ವ್ಯಾಜ್ಯ ಇನ್ನೂ ಮುಗಿದಿಲ್ಲ. ಅಣ್ಣ ಹೂಂ ಎಂದಿಲ್ಲ. ಉಹೂಂ ಎನ್ನುವುದನ್ನು ಮಾತ್ರ ಬಿಟ್ಟಿದ್ದಾನೆ. ಬಿ.ಎಡ್. ಅರ್ಜಿಯನ್ನೂ ತುಂಬು, ಅದನ್ನೂ ತುಂಬು ಎಂಬಲ್ಲಿಗೆ ಬಂದು ನಿಂತಿದ್ದಾನೆ. ಪುಣೆಯ ಪರೀಕ್ಷೆಯ ಫೀಯನ್ನು ನನ್ನ ಪಿಂಚಣಿಯಿಂದ ಕೊಡುತ್ತೇನೆಂದು ಹೇಳಿದ್ದೇನೆ. ಪಾಸಾಗುತ್ತಾಳೋ ಇಲ್ಲವೋ ದೇವರೇ ಬಲ್ಲ. ಆಗದಿದ್ದರೆ ಇನ್ನೊಮ್ಮೆ ಬರೆಯಲಿ. ಆದರೆ ಇವಳ ಕಾಗದ ಪಂಚಾಂಗದೊಳಗೆ ಹೋಗುವುದಿಲ್ಲ, ಅದಕ್ಕೆ ನಾನು ಜಾಮೀನು.

ನಾನು ಧಾರವಾಡಕ್ಕೆ ತಿರುಗಿ ಹೊರಡುವ ದಿನ ಹುಡುಗಿ ಮೊಬೈಲು ಹಿಡಿದು ಅವ್ವನ ಮುಂದೆ ಕೂತಿದ್ದಳು. ಅವ್ವ ನೀರಿನ ಕಥೆ ಹೇಳುತ್ತಿದ್ದಳು, ಮೂರು ಕೊಡದ ಕಥೆಯೂ ಬಂತು. ಹುಡುಗಿ ಒಂದು ಸಲವೂ ತಡೆಯಲಿಲ್ಲ, ಇನ್ನೊಮ್ಮೆ ಹೇಳು ಎನ್ನಲಿಲ್ಲ. ಕಥೆ ಮುಗಿದ ಮೇಲೆ ಅವ್ವ, "ಇದನ್ನರ ನನಗ ತೋರಸ್ತೀ ಇಲ್ಲೋ?" ಎಂದಳು. ಹುಡುಗಿ ಅಲ್ಲಿಯೇ ಕೂತು ತೋರಿಸಿದಳು. ಅವ್ವ ಕನ್ನಡಕ ಸರಿಮಾಡಿಕೊಂಡು ಪೂರ್ತಿ ನೋಡಿ, "ಇನ್ನೊಂದು ಮಾತು ಹೇಳೋದು ಉಳಿದೈತಿ, ಅದನ್ನೂ ತಗೋ" ಎಂದಳು. ವೈನಿ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ನನ್ನ ಬಸ್ಸಿಗೆ ಹೊತ್ತಾಗಿತ್ತು, ಯಾರೂ ನೆನಪು ಮಾಡಲಿಲ್ಲ.